ಹೆಂಗರುಗಳಿಗೆ ಯಾವ ಮಿಲ್ಕ್ ರಿಪ್ಲೇಸರ್ ಪುಡಿ ತರಬೇಕು?

ಹಟ್ಟಿಯಲ್ಲಿ ಆರು ದನ, ಈ ಸಲ ಹುಟ್ಟಿದ ಮೂರೂ ಹೆಂಗರು. ಹಾಲು ಸೊಸೈಟಿಗೂ ಹೋಗಬೇಕು, ಕರುಗಳೂ ಬೆಳೆಯಬೇಕು, ತಾಯಿ ಹಾಲಿನ ಬದಲು ನೀರಲ್ಲಿ ಕಲಸಿ ಕುಡಿಸುವ ಪುಡಿ (ಮಿಲ್ಕ್ ರಿಪ್ಲೇಸರ್) ಯಾವ ಕಂಪನಿಯದ್ದು ಒಳ್ಳೆಯದು ಅಂತ ಕೇಳಿದ್ದೀರಿ.

ಕಂಪನಿಯ ಹೆಸರು ನಾನು ಹೇಳುವುದಿಲ್ಲ. ಹೆಸರು ನೋಡಿ ತಂದು ಒಮ್ಮೆ ಪೆಟ್ಟು ತಿಂದವನು ನಾನು.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಅಡಿಕೆ ತೋಟ, ಜೊತೆಗೆ ನಾಲ್ಕು ಎಚ್‌ಎಫ್ (ಹೋಲ್‌ಸ್ಟೈನ್ ಫ್ರೀಸಿಯನ್) ಕ್ರಾಸ್ ದನ. ಕೆಲವು ವರ್ಷದ ಹಿಂದೆ ಮೊದಲ ಸಲ ಪುಡಿ ತಂದೆ. ಚೀಲದ ಮುಂದೆ ಚಂದದ ಕರುವಿನ ಚಿತ್ರ, ದೊಡ್ಡ ಅಕ್ಷರದಲ್ಲಿ 'ಪ್ರೋಟೀನ್ 22%'. ಕ್ರಯವೂ ಕಮ್ಮಿ. ಕರುವಿಗೆ ಆಗ ಒಂಬತ್ತು ದಿನ. ಒಮ್ಮೆಲೇ ತಾಯಿ ಹಾಲು ಬಿಡಿಸಿ ಪುಡಿ ಹಾಲಿಗೆ ಹಾಕಿದೆ, ಅದು ಇನ್ನೊಂದು ತಪ್ಪು. ಮೂರನೇ ದಿನ ಬೆಳಗ್ಗೆ ನೋಡಿದರೆ ಬಾಲವೆಲ್ಲ ಒದ್ದೆ, ಹಳದಿ ಬಿಳಿ ಭೇದಿ, ಕಣ್ಣು ಒಳಗೆ ಹೋಗಿದೆ. ಕುತ್ತಿಗೆಯ ಚರ್ಮ ಚಿವುಟಿ ಬಿಟ್ಟರೆ ಮಡಿಕೆ ಹಾಗೆಯೇ ನಿಂತಿತ್ತು. ಡಾಕ್ಟ್ರು ಬಂದು ಡ್ರಿಪ್ ಹಾಕಿದರು, ಬದುಕಿತು. ಆದರೆ ಜೊತೆಯ ಕರುಗಳಿಗಿಂತ ಯಾವಾಗಲೂ ಹಿಂದೆಯೇ ಉಳಿಯಿತು.

ಆ ದಿನ ಸಂಜೆ ಅದೇ ಪುಡಿಯನ್ನು ಒಂದು ಗಾಜಿನ ಲೋಟದಲ್ಲಿ ಕಲಸಿ ಇಟ್ಟೆ. ಹತ್ತು ನಿಮಿಷದಲ್ಲಿ ಅಡಿಯಲ್ಲಿ ಒಂದು ಬೆರಳು ಕಂದು ಗಸಿ. ಬೆರಳಲ್ಲಿ ಉಜ್ಜಿದರೆ ಕಡಲೆಹಿಟ್ಟಿನ ಹಾಗೆ. ಚೀಲ ತಿರುಗಿಸಿ ಓದಿದರೆ ಮೊದಲ ಹೆಸರೇ ಸೋಯಾ ಹಿಟ್ಟು, ನಾರಿನಂಶ 1%. ಪ್ರೋಟೀನ್ 22 ಇದ್ದದ್ದು ಸುಳ್ಳಲ್ಲ. ಆದರೆ ಅದು ಹಾಲಿನದ್ದಲ್ಲ. ಮೂರು ವಾರದ ಒಳಗಿನ ಕರುವಿನ ಹೊಟ್ಟೆಗೆ ಸೋಯಾ ಹಿಟ್ಟು ಸರಿಯಾಗಿ ಜೀರ್ಣ ಆಗುವುದಿಲ್ಲ.

ಹಾಗಾಗಿ ಮೊದಲು ನೋಡಬೇಕಾದದ್ದು ಚೀಲದ ಹಿಂದೆ. ಸಾಮಾನಿನ ಪಟ್ಟಿಯಲ್ಲಿ ಮೊದಲಿಗೆ ವೇ ಪುಡಿ (ಹಾಲು ಒಡೆದಾಗ ಉಳಿಯುವ ತಿಳಿ ನೀರನ್ನು ಒಣಗಿಸಿದ್ದು), ವೇ ಪ್ರೋಟೀನ್ ಅಥವಾ ಕೆನೆ ತೆಗೆದ ಹಾಲಿನ ಪುಡಿ ಇರಬೇಕು. ನಾರಿನಂಶ 0.15% ಆಸುಪಾಸು ಇದ್ದರೆ ಸಾಮಾನ್ಯವಾಗಿ ಪೂರ್ತಿ ಹಾಲಿನ ಪ್ರೋಟೀನ್ ಅಂತ ಲೆಕ್ಕ, 0.5% ದಾಟಿದರೆ ಗಿಡದ ಪ್ರೋಟೀನ್ ಸೇರಿಸಿದ್ದಾರೆ ಅಂತ. ಆದರೆ ನಾರಿನ ಲೆಕ್ಕವೊಂದನ್ನೇ ನಂಬಬೇಡಿ. ಚೆನ್ನಾಗಿ ಶುದ್ಧ ಮಾಡಿದ ಸೋಯಾ, ಗೋಧಿ ಪ್ರೋಟೀನಿನಲ್ಲಿ ನಾರು ಕಮ್ಮಿಯೇ ಇರುತ್ತದೆ, ಪಟ್ಟಿಯನ್ನೂ ಓದಲೇಬೇಕು. ಪ್ರೋಟೀನ್ 20ರಿಂದ 24, ಕೊಬ್ಬು 15ರಿಂದ 20 ಇದ್ದರೆ ನಮ್ಮ ಕ್ರಾಸ್ ಕರುಗಳಿಗೆ ಸಾಕು. ನಮ್ಮ ಕಡೆ ಚೀಲದ ಮೇಲೆ ಇಂಗ್ಲಿಷ್, ಅಂಗಡಿಯವರು ಕೊಡುವ ಚೀಟಿ ಮಲಯಾಳದಲ್ಲಿ. ಏನೂ ಪರವಾಗಿಲ್ಲ, ಅಂಕೆ ಎಲ್ಲ ಭಾಷೆಯಲ್ಲೂ ಒಂದೇ ಅಲ್ವಾ.

ಹುಳಿ ಹಿಂಡಿದಾಗ ಒಡೆಯದಿದ್ದರೆ ಪುಡಿ ನಕಲಿ ಅಂತ ಕೆಲವರು ಹೇಳುತ್ತಾರೆ. ವೇ ಪುಡಿಯಿಂದ ಮಾಡಿದ್ದು ಗಟ್ಟಿಯಾಗಿ ಒಡೆಯುವುದಿಲ್ಲ. ಅದು ದೋಷ ಅಲ್ಲ.

ಇನ್ನು ಕ್ರಯದ ಲೆಕ್ಕ. ಕಿಲೋಗೆ ಎಷ್ಟು ಅಂತ ನೋಡಬೇಡಿ, ಕಲಸಿದ ಲೀಟರಿಗೆ ಎಷ್ಟು ಅಂತ ನೋಡಿ. ಕಿಲೋಗೆ 280 ರೂಪಾಯಿ ಅಂತ ಇಟ್ಟುಕೊಳ್ಳಿ. ಲೀಟರಿಗೆ 125 ಗ್ರಾಂ ಹಾಕಿದರೆ ಎಂಟು ಲೀಟರ್ ಆಗುತ್ತದೆ, ಲೀಟರಿಗೆ 35 ರೂಪಾಯಿ ಬಿತ್ತು. 150 ಗ್ರಾಂ ಹಾಕಿದರೆ 42. 'ನಮ್ಮದು 100 ಗ್ರಾಂ ಸಾಕು' ಅಂತ ಯಾರಾದರೂ ಹೇಳಿದರೆ ಉಳಿತಾಯ ಅಂದುಕೊಳ್ಳಬೇಡಿ, ಅದು ಬರೀ ನೀರು ಹಾಲು. ದನದ ಹಾಲಿನಲ್ಲೇ ಲೀಟರಿಗೆ ಸುಮಾರು 125 ಗ್ರಾಂ ಗಟ್ಟಿ ಅಂಶ ಇದೆ. ದಿನಕ್ಕೆ ಮೂರು ಲೀಟರ್ ಹಾಗೆ 45 ದಿನಕ್ಕೆ ಒಂದು ಕರುವಿಗೆ ಸುಮಾರು 17 ಕಿಲೋ ಪುಡಿ. ನಿಮ್ಮ ಸೊಸೈಟಿಯ ಹಾಲಿನ ದರದ ಜೊತೆ ಹೋಲಿಸಿ. ಲೀಟರಿಗೆ ನಾಲ್ಕೈದು ರೂಪಾಯಿ ಮಾತ್ರ ಉಳಿಯುವುದಾದರೆ ಸುಮ್ನೆ ದನದ ಹಾಲೇ ಕುಡಿಸಿ ಮಾರಾಯ್ರೆ. ನಮ್ಮ ಊರಿನ ಕುಳ್ಳ ತಳಿ ಕಾಸರಗೋಡು ಗಿಡ್ಡ ಕಟ್ಟಿದವರಿಗೆ ಈ ತಲೆಬಿಸಿಯೇ ಇಲ್ಲ. ಅದು ಕೊಡುವುದು ಒಂದೆರಡು ಲೀಟರ್, ಕರು ಕುಡಿದು ಉಳಿದದ್ದು ಮನೆಗೆ.

ಯಾವ ಪುಡಿಯಾದರೂ ಗಿಣ್ಣು ಹಾಲಿನ ಬದಲಿಗೆ ಆಗುವುದಿಲ್ಲ. ಹುಟ್ಟಿ ಒಂದೆರಡು ಗಂಟೆಯೊಳಗೆ ಮೊದಲ ಗಿಣ್ಣು ಹೊಟ್ಟೆ ಸೇರಬೇಕು. 30 ಕಿಲೋ ಕರುವಿಗೆ ಮೊದಲ 12 ಗಂಟೆಯಲ್ಲಿ ಮೂರು ಲೀಟರ್. ಒಂದು ದಿನ ಕಳೆದರೆ ಅದರ ರೋಗ ತಡೆಯುವ ಶಕ್ತಿ ರಕ್ತಕ್ಕೆ ಸೇರುವುದೇ ಇಲ್ಲ. ನಾನು ಈಗ ಮೂರು ವಾರ ದನದ ಹಾಲೇ ಕೊಡುತ್ತೇನೆ. ಆಮೇಲೆ ನಾಲ್ಕೈದು ದಿನದಲ್ಲಿ ಸ್ವಲ್ಪ ಸ್ವಲ್ಪವೇ ಪುಡಿ ಹಾಲಿಗೆ ಬದಲಿಸುತ್ತೇನೆ.

ಕಲಸಲು ಕುದಿಯುವ ನೀರು ಬೇಡ, ಹಾಲಿನ ಪ್ರೋಟೀನ್ ಕೆಡುತ್ತದೆ. ತಣ್ಣೀರಲ್ಲಿ ಕೊಬ್ಬು ಕರಗದೆ ಮೇಲೆ ತೇಲುತ್ತದೆ. ಚೀಲದಲ್ಲಿ ಬೇರೆ ಏನೂ ಬರೆಯದಿದ್ದರೆ 45ರಿಂದ 50 ಡಿಗ್ರಿಯ ನೀರಲ್ಲಿ ಕಲಸಿ, 39ಕ್ಕೆ ಇಳಿದಾಗ ಕುಡಿಸಿ. ಥರ್ಮಾಮೀಟರ್ ಇಲ್ಲದಿದ್ದರೆ ಮಣಿಕಟ್ಟಿನ ಮೇಲೆ ನಾಲ್ಕು ಹನಿ ಬಿಡಿ, ಹಿತವಾಗಿ ಬೆಚ್ಚಗಿರಬೇಕು. ಪುಡಿಯನ್ನು ತೂಕ ಮಾಡಿಯೇ ಹಾಕಿ. ಮನೆಯಲ್ಲಿ ಒಬ್ಬೊಬ್ಬರ ಕೈಯಲ್ಲಿ ಸೌಟಿನ ಅಳತೆ ಒಂದೊಂದು ಥರ. ನಮ್ಮ ಮಳೆಗಾಲದಲ್ಲಿ ತೆರೆದ ಚೀಲ ಒಂದೇ ವಾರದಲ್ಲಿ ಗಂಟು ಕಟ್ಟುತ್ತದೆ, ಬಿಗಿ ಮುಚ್ಚಳದ ಡಬ್ಬಿ ಬೇಕೇ ಬೇಕು.

ಅಮ್ಮ ಈಗಲೂ ಹೇಳುವುದು, ಹಿಂದೆಲ್ಲ ಗಂಜಿ ತೆಳಿ ಕುಡಿದೇ ಕರುಗಳು ಬೆಳೆದವು ಅಂತ. ಬೆಳೆದವು, ಆದರೆ ಅವು ಹಾಲನ್ನೂ ಕುಡಿಯುತ್ತಿದ್ದವು. ಎಳೆ ಕರುವಿಗೆ ಗಂಜಿಯ ಪಿಷ್ಟ ಜೀರ್ಣವಾಗುವುದು ಬಹಳ ಕಮ್ಮಿ. ಸಕ್ಕರೆಯೂ ಅಷ್ಟೇ. ಚಹಾಕ್ಕೆ ಹಾಕುವ ಡೈರಿ ವೈಟ್ನರ್ ಕಲಸಿ ಕೊಡಬಾರದು ಅನ್ನುವುದು ಅದಕ್ಕೇ, ಅದರಲ್ಲಿ ಸಕ್ಕರೆ ಇದೆ.

ಎರಡನೇ ವಾರದಿಂದ ಒಂದು ಹಿಡಿ ಕರು ಹಿಂಡಿ (ಕರುಗಳಿಗೆಂದೇ ಮಾಡಿದ ಹಿಂಡಿ) ಮತ್ತು ಬೇರೆ ಪಾತ್ರೆಯಲ್ಲಿ ನೀರು ಇಡಿ. ಮೂರು ದಿನ ಸತತ ದಿನಕ್ಕೆ ಒಂದು ಕಿಲೋ ಹತ್ತಿರ ಹಿಂಡಿ ತಿಂದ ಮೇಲೆ ಹಾಲು ನಿಲ್ಲಿಸಬಹುದು. ಎರಡು ತಿಂಗಳಿಗೆ ಹುಟ್ಟಿದ ತೂಕದ ಎರಡರಷ್ಟು ಆಗಿದ್ದರೆ ಎಲ್ಲ ಸರಿಯಾಗಿದೆ ಅಂತ ಅರ್ಥ. ತೂಕದ ಯಂತ್ರ ಇಲ್ಲದಿದ್ದರೆ ಎದೆಯ ಸುತ್ತಳತೆಯನ್ನು ಇಂಚಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ಮೈಯ ಉದ್ದದ ಇಂಚಿನಿಂದ ಮತ್ತೆ ಗುಣಿಸಿ, 660ರಿಂದ ಭಾಗಿಸಿ. ಸುಮಾರಾಗಿ ಕಿಲೋ ಸಿಗುತ್ತದೆ.

ಮೂರು ಕರುಗಳಿಗೂ ಎಷ್ಟೆಷ್ಟು ದಿನ ಆಯಿತು ಅಂತ ನೀವು ಬರೆದಿಲ್ಲ. ಅದನ್ನೂ, ಅಂಗಡಿಯಲ್ಲಿ ನೋಡಿದ ಚೀಲದ ಹಿಂಭಾಗದ ಫೋಟೋವನ್ನೂ ಹಾಕಿ. ಮಲಯಾಳ ಚೀಟಿ ಇದ್ದರೆ ಅದನ್ನೂ ಹಾಕಿ, ಓದಿ ಹೇಳುತ್ತೇನೆ.