ಥಿಂಕ್‌ಪ್ಯಾಡ್ ಟಿ60 ಲ್ಯಾಪ್‌ಟಾಪ್: ಚಾರ್ಜರ್ ತೆಗೆದಿಟ್ಟರೆ ದಿನಾಂಕ ಹೋಗುತ್ತದೆ, 0251 ಮತ್ತು 0271 ಎರರ್ ಬರುತ್ತದೆ. ಹೊಸ ಮೇನ್ ಬ್ಯಾಟರಿ ತರಬೇಕಾ?

ಬೇಡ, ಆ ದುಡ್ಡು ಉಳಿಸಿಕೊಳ್ಳಿ. ಗಡಿಯಾರಕ್ಕೆ ಮದರ್‌ಬೋರ್ಡಿನಲ್ಲಿ ಬೇರೆಯೇ ಒಂದು ನಾಣ್ಯದಂಥ ಸೆಲ್ ಇದೆ. 0271 ಅಂದರೆ ದಿನಾಂಕ, ಸಮಯ ಸರಿಯಿಲ್ಲ. 0251 ಅಂದರೆ ಬಯಾಸ್ (ಮಷೀನು ಆನ್ ಆದ ಕೂಡಲೇ ಓಡುವ ಮೂಲ ಪ್ರೋಗ್ರಾಂ) ಸೆಟ್ಟಿಂಗ್ ಅಳಿಸಿಹೋಗಿದೆ ಅಥವಾ ಕೆಟ್ಟಿದೆ. ಎರಡೂ ಜೊತೆಗೆ ಬಂದರೆ ಮೊದಲ ಅನುಮಾನ ಆ ಸೆಲ್ ಮೇಲೆಯೇ. 2006ರ ಮಷೀನು, ಇನ್ನೂ ಹಳೇ ಸೆಲ್ಲೇ ಇದ್ದರೆ ಸತ್ತಿರುವುದರಲ್ಲಿ ಆಶ್ಚರ್ಯ ಇಲ್ಲ.

ಚಾರ್ಜರ್ ಅಥವಾ ಚಾರ್ಜ್ ಇರುವ ಮೇನ್ ಬ್ಯಾಟರಿ ಇದ್ದಾಗ ಗಡಿಯಾರ ಅಲ್ಲಿಂದಲೇ ಕರೆಂಟ್ ತೆಗೆದುಕೊಳ್ಳುತ್ತದೆ. ಎರಡೂ ಇಲ್ಲದಾಗ ಮಾತ್ರ ಸೆಲ್ ಮೇಲೆ ಭಾರ. ಹಾಗಾಗಿ ಬ್ಯಾಟರಿ ತೆಗೆದು ಬೀರುವಿನಲ್ಲಿಟ್ಟ ಲ್ಯಾಪ್‌ಟಾಪ್‌ಗಳಲ್ಲೇ ಇದು ಬೇಗ ಖಾಲಿಯಾಗುವುದು.

ಲಿನಕ್ಸ್‌ನಿಂದ ವಿಂಡೋಸ್ ಎಕ್ಸ್‌ಪಿಗೆ ಬಂದರೆ ಟೈಮ್ ಸರಿಯಾಗಿ ಐದೂವರೆ ಗಂಟೆ ಹಿಂದೆ ತೋರಿಸುತ್ತದೆ ಎಂದೂ ಬರೆದಿದ್ದೀರಿ. ಅದು ಸೆಲ್ ತಪ್ಪಲ್ಲ. ಲಿನಕ್ಸ್ ಗಡಿಯಾರದಲ್ಲಿ ಯುಟಿಸಿ (ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಸಮಯ ಅಂದುಕೊಳ್ಳುತ್ತದೆ. ಲಿನಕ್ಸ್‌ನಲ್ಲಿ ಲೋಕಲ್ ಟೈಮ್ ಇಡುವಂತೆ ಸೆಟ್ಟಿಂಗ್ ಬದಲಿಸಿ. ಎಷ್ಟು ಹೊಸ ಸೆಲ್ ಹಾಕಿದರೂ ಈ ಐದೂವರೆ ಗಂಟೆ ಹೋಗುವುದಿಲ್ಲ.

ಇನ್ನು ಬಿಚ್ಚುವ ಕೆಲಸ. ಚಾರ್ಜರ್, ಮೇನ್ ಬ್ಯಾಟರಿ ಎರಡನ್ನೂ ತೆಗೆಯಿರಿ. ಪಾಮ್‌ರೆಸ್ಟ್ (ಕೈ ಊರುವ ಭಾಗ), ಕೀಬೋರ್ಡ್ ಎತ್ತಿದರೆ ಪ್ಲಾಸ್ಟಿಕ್ ಸುತ್ತಿದ, ಎರಡು ವೈರಿನ ಸೆಲ್ ಸಿಗುತ್ತದೆ. ಕೀಬೋರ್ಡಿನ ರಿಬ್ಬನ್ ಎಳೆಯಬೇಡಿ, ನಿಧಾನ. ಮಲ್ಟಿಮೀಟರ್ ಇಟ್ಟು ನೋಡಿ. ಹೊಸ ಸಿಆರ್2032 (ಈ ಸೆಲ್ಲಿನ ಮಾದರಿ) ಸುಮಾರು 3 ವೋಲ್ಟ್ ಅಥವಾ ಸ್ವಲ್ಪ ಜಾಸ್ತಿ ತೋರಿಸುತ್ತದೆ. 2.7ಕ್ಕಿಂತ ಕೆಳಗಿದ್ದರೆ ಯೋಚಿಸಬೇಡಿ, ಬದಲಿಸಿ.

ವೈರ್ ಇರುವ ಸೆಲ್ಲನ್ನೇ ಕೊಳ್ಳಿ. ಬೆಂಗಳೂರಿನವರಾದರೆ ಎಸ್‌ಪಿ ರೋಡಿನಲ್ಲಿ ವಿಚಾರಿಸಬಹುದು. ಸಾದಾ ಸೆಲ್ ತಂದು ಅದರ ಮೇಲೆ ನೇರವಾಗಿ ಬೆಸುಗೆ ಹಾಕುವ ವಿಡಿಯೋಗಳಿವೆ, ದಯವಿಟ್ಟು ಬೇಡ. ಬಿಸಿಗೆ ಲಿಥಿಯಂ ಸೆಲ್ ಸಿಡಿಯಬಹುದು. ಹಾಕುವ ಮೊದಲು ಹಳೇ ಪ್ಲಗ್ ಪಕ್ಕದಲ್ಲಿಟ್ಟು ಕೆಂಪು, ಕಪ್ಪು ವೈರಿನ ಜಾಗ ಹೋಲಿಸಿ. ನೋಡೋಕೆ ಅದೇ ಪ್ಲಗ್ ಇದ್ದು ವೈರ್ ಅದಲುಬದಲಾಗಿರುವ ಸೆಲ್‌ಗಳೂ ಮಾರಾಟಕ್ಕಿವೆ.

ಇದೇ ಧೈರ್ಯದಲ್ಲಿ 1990ರ ದಶಕದ ಲ್ಯಾಪ್‌ಟಾಪಿಗೂ ಸಿಆರ್ ಸೆಲ್ ಹಾಕಲು ಹೋಗಬೇಡಿ. ಅವುಗಳಲ್ಲಿ ಹಲವಕ್ಕೆ ಚಾರ್ಜ್ ಆಗುವ ನಿಕಲ್ ಸೆಲ್ ಇರುತ್ತದೆ, ಬೋರ್ಡೇ ಅದಕ್ಕೆ ಕರೆಂಟ್ ತುಂಬುತ್ತದೆ. ಸಿಆರ್ ಚಾರ್ಜ್ ಮಾಡುವ ಸೆಲ್ ಅಲ್ಲ. ಎಂಎಲ್, ವಿಎಲ್ ಎಂದು ಬರೆದಿರುವ ನಾಣ್ಯದ ಸೆಲ್‌ಗಳು ನೋಡೋಕೆ ಸಿಆರ್ ಥರವೇ ಇದ್ದರೂ ಚಾರ್ಜ್ ಆಗುವಂಥವು. ಮೇಲಿನ ಅಕ್ಷರ ಓದಿಯೇ ಕೊಳ್ಳಿ.

ಅಂದಹಾಗೆ, ಬಯಾಸ್‌ಗೆ ಬೀಗ ಹಾಕುವ ಸೂಪರ್‌ವೈಸರ್ ಪಾಸ್‌ವರ್ಡ್ ಮರೆತವರು ಈ ಸೆಲ್ ಕಿತ್ತರೆ ಅದು ಹೋಗುತ್ತದೆ ಅಂದುಕೊಳ್ಳುತ್ತಾರೆ. ಹೋಗುವುದಿಲ್ಲ, ಅದು ಬೇರೆ ಚಿಪ್‌ನಲ್ಲಿರುತ್ತದೆ.

ಸೆಲ್ ಹಾಕಿದ ಮೇಲೆ ಮಷೀನು ಆನ್ ಮಾಡಿದ ಕೂಡಲೇ ಎಫ್1 ಒತ್ತಿ ಬಯಾಸ್ ಒಳಗೆ ಹೋಗಿ, ದಿನಾಂಕ, ಸಮಯ ಸರಿಮಾಡಿ, ಎಫ್10ರಿಂದ ಉಳಿಸಿ. ಅಲ್ಲೇ ಹಾರ್ಡ್‌ಡಿಸ್ಕಿನ ಸಾಟಾ ಮೋಡ್ (ಮಷೀನು ಡಿಸ್ಕಿನ ಜೊತೆ ಮಾತಾಡುವ ರೀತಿ; ಎಎಚ್‌ಸಿಐ, ಕಂಪ್ಯಾಟಿಬಿಲಿಟಿ ಎಂದು ಎರಡಿವೆ) ಕೂಡ ನೋಡಿಕೊಳ್ಳಿ. ಸೆಟ್ಟಿಂಗ್ ಅಳಿಸಿಹೋದಾಗ ಅದು ಎಎಚ್‌ಸಿಐಗೆ ಮರಳಿರಬಹುದು. ಕಂಪ್ಯಾಟಿಬಿಲಿಟಿ ಮೋಡಿನಲ್ಲಿ ಹಾಕಿದ್ದ ಎಕ್ಸ್‌ಪಿ ಆಗ ನೀಲಿ ಸ್ಕ್ರೀನ್ ತೋರಿಸಿ ನಿಲ್ಲುತ್ತದೆ. ಡಿಸ್ಕ್ ಹೋಯಿತೆಂದು ಗಾಬರಿಯಾಗಿ ಫಾರ್ಮ್ಯಾಟ್ ಮಾಡಬೇಡಿ, ಮೋಡ್ ವಾಪಸ್ ಬದಲಿಸಿ ನೋಡಿ.