ಗೋಳಿ ಬೋನ್ಸಾಯ್ ಪಕ್ಕ ಎಂತ ಇಡೋದು?

ಪ್ರಶ್ನೆ: ಅಕ್ಕಾ, ನಮ್ಮಲ್ಲಿ ಹನ್ನೊಂದು ವರ್ಷದ ಗೋಳಿ (ಆಲ) ಬೋನ್ಸಾಯ್ ಉಂಟು, ಒಂದೂವರೆ ಅಡಿ ಎತ್ತರ. ನವೆಂಬರ್‌ನಲ್ಲಿ ಮಗಳ ನಿಶ್ಚಿತಾರ್ಥ, ಆಗ ಜಗಲಿಯಲ್ಲಿ ಇಡುವ ಅಂತ ಆಸೆ. ಬೋನ್ಸಾಯ್ ಪಕ್ಕ ಸಣ್ಣದೊಂದು ಗಿಡ ಇಡ್ತಾರಲ್ಲ, ಅದಕ್ಕೆ ಪೇಟೆಯಿಂದ ಚಟ್ಟಿ ತರೋದು ಬೇಡ ಅಂತ ಮಲ್ಪೆ ಬೀಚಲ್ಲಿ ಸಿಕ್ಕಿದ ಕೊರಡು, ನಾಲ್ಕು ಕಪ್ಪೆಚಿಪ್ಪು, ಗೆರಟೆ (ತೆಂಗಿನ ಕರಟ), ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ತುಂಡು ಎಲ್ಲ ಒಟ್ಟು ಮಾಡಿದ್ದೇನೆ. ಕಳೆದ ವರ್ಷ ಇಂಥದೇ ಕೊರಡಲ್ಲಿ ಜರಿಗಿಡ ನೆಟ್ಟಿದ್ದೆ, ಹತ್ತೇ ದಿನದಲ್ಲಿ ಎಲೆಯ ಅಂಚು ಸುಟ್ಟ ಹಾಗಾಯ್ತು. ತಪ್ಪಾದದ್ದು ಎಲ್ಲಿ?
– ಓದುಗರೊಬ್ಬರು, ಕಟಪಾಡಿ

ಉತ್ತರ: ಉಪ್ಪು ಮಾರಾಯ್ರೆ, ಬೇರೆಂತದೂ ಅಲ್ಲ. ಸಮುದ್ರದಲ್ಲಿ ತೇಲಿ ಬಂದ ಮರ ಹೊರಗೆ ಒಣಗಿ ಬೆಳ್ಳಗೆ ಚಂದ ಕಂಡ್ರೂ ಒಳಗೆಲ್ಲ ಉಪ್ಪು ಹೀರಿರ್ತದೆ, ನೀವು ನೀರು ಹಾಕಿದ ಹಾಗೆ ಅದು ನಿಧಾನ ಬಿಟ್ಟು ಬೇರಿಗೆ ಹೋಗ್ತದೆ. ಬಕೆಟಿನಲ್ಲಿ ಮುಳುಗಿಸಿ ಎರಡು ದಿನಕ್ಕೊಮ್ಮೆ ನೀರು ಬದಲಿಸ್ತಾ ಮೂರ್ನಾಲ್ಕು ವಾರ ಇಡಬೇಕು, ಅಷ್ಟು ಪುರುಸೊತ್ತಿಲ್ಲದಿದ್ರೆ ಆಟಿ ತಿಂಗಳಿಡೀ (ಜುಲೈ-ಆಗಸ್ಟ್ ಹೊತ್ತಿಗೆ) ಮಾಡಿನ ನೀರು ಬೀಳುವಲ್ಲಿ ಬಿಸಾಡಿ, ಪುಕ್ಕಟೆ ಕೆಲಸ. ದಪ್ಪ ಕೊರಡಾದ್ರೆ ಅಷ್ಟು ಮಾಡಿಯೂ ನನಗೆ ನಂಬಿಕೆ ಇಲ್ಲ, ಗಿಡ ಬೇರೆ ಪುಟ್ಟ ಕಪ್ಪಲ್ಲಿ ನೆಟ್ಟು ಕೊರಡಿನ ಹಿಂದೆ ಅಡಗಿಸ್ತೇನೆ.

ಆದ್ರೆ ನಿಮ್ಮ ಮರಕ್ಕೆ ಕೊರಡು ಬೇಡವೇ ಬೇಡ ಅಂತ ನನ್ನ ಲೆಕ್ಕ. ಗೋಳಿ ಅಂದಕೂಡಲೇ ನಮ್ಮ ಕಡೆಯವ್ರಿಗೆ ಕಣ್ಣಿಗೆ ಬರೋದು ಕಟ್ಟೆ ಅಲ್ವಾ? ಹಳೇ ಕಟ್ಟೆ, ಮುರಕಲ್ಲಿಂದು, ಸಂದಿಯಲ್ಲಿ ಪಾಚಿ, ಒಂದೆರಡು ಜರಿ. ನಿಮ್ಮ ಕೈಯಲ್ಲೇ ಆ ಕಲ್ಲಿನ ತುಂಡು ಉಂಟು, ಅದನ್ನು ಬಿಟ್ಟು ಸಮುದ್ರಕ್ಕೆ ಯಾಕೆ ಹೋಗ್ಬೇಕು? ಜಪಾನಿನವ್ರು ಬೋನ್ಸಾಯ್ ಪಕ್ಕ ಇಡುವ ಈ ಗಿಡಕ್ಕೆ ಶಿತಕುಸ ಅಂತಾರೆ, ಅದೇ ಒಂಟಿಯಾಗಿ ಇಟ್ರೆ ಕುಸಮೋನೊ, ಮತ್ತೆ ಅದರ ಕೆಲಸವೇ ಮರ ಯಾವ ಜಾಗದ್ದು, ಈಗ ಯಾವ ಕಾಲ ಅಂತ ಹೇಳೋದು. ಚಿಪ್ಪು, ಗೆರಟೆ, ಕೊರಡು ಎಲ್ಲ ಒಟ್ಟಿಗೆ ಇಟ್ರೆ ನೋಡುವವ್ರ ಕಣ್ಣು ಮರದ ಹತ್ರ ಹೋಗುವುದೇ ಇಲ್ಲ.

ಮುರಕಲ್ಲಲ್ಲಿ ತೂತು ತುಂಬ, ನೀರು ಹಿಡಿದಿಟ್ಕೊಳ್ತದೆ, ಜರಿಗೆ ಅದು ಬಹಳ ಇಷ್ಟ. ಹಳೇ ಉಳಿಯಲ್ಲಿ ಎರಡಿಂಚು ಗುಂಡಿ ಮಾಡಿ (ಹೊಸದಾಗಿ ಕಡಿದ ಕಲ್ಲು ಮೆತ್ತಗೆ, ಗಾಳಿಗೆ ಬಿದ್ದು ಹಳತಾದ್ದು ಗಟ್ಟಿ, ಕೈ ಜಾಗ್ರತೆ), ಅಡಿಗೆ ನೀರು ಹೋಗ್ಲಿಕ್ಕೆ ತೂತು ಬೇಕೇಬೇಕು. ಪಾಚಿ ಕಂಪೌಂಡ್ ಗೋಡೆಯಿಂದ ಚಮಚದಲ್ಲಿ ಕೆರೆದು ಅಂಟಿಸಿ. ಎತ್ತರ ಮಾತ್ರ ನೋಡ್ಕೊಳ್ಳಿ, ಬೋನ್ಸಾಯ್ ಚಟ್ಟಿಯ ಬಾಯಿಗಿಂತ ಮೇಲೆ ಬಂದ್ರೆ ನನಗಂತೂ ಕಣ್ಣು ಕಿಸಿದ ಹಾಗಾಗ್ತದೆ. ಮರಕ್ಕೆ ಸ್ಟೂಲು, ಇದಕ್ಕೆ ತೆಳು ಹಲಗೆ ಸಾಕು. ಮರ ವಾಲಿದ ಬದಿಗೆ ಸ್ವಲ್ಪ ದೂರ ಬಿಟ್ಟು ಇಡಿ.

ಗೆರಟೆ ಬಿಸಾಡ್ಬೇಡಿ. ಮೂರು ಕಣ್ಣಲ್ಲಿ ಮೆತ್ತಗಿನ ಒಂದನ್ನು ಚುಚ್ಚಿದ್ರೆ ನೀರು ಹೋಗುವ ತೂತು ರೆಡಿ, ಒಂದೆಲಗ ನೆಡಿ. ನಮ್ಮಲ್ಲಿ ಇದಕ್ಕೆ ತಿಮರೆ ಅಂತಾರೆ, ಬಳ್ಳಿ ಕೆಳಗೆ ಇಳೀತದೆ, ಹೆಚ್ಚಾದದ್ದು ಚಟ್ನಿಗೆ. ಚಿಪ್ಪಲ್ಲಿ ಸುಣ್ಣದಂಶ ಇರೋದ್ರಿಂದ ಕೆಲವು ಜಾತಿಯ ಜರಿಗೆ ಆಗುವುದಿಲ್ಲ. ಹವಳದ ತುಂಡು ಸಿಕ್ಕಿದ್ರೆ ಮುಟ್ಲೇಬೇಡಿ, 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಉಂಟು ಅದಕ್ಕೆ. ಸೈಂಟ್ ಮೇರೀಸ್ ದ್ವೀಪದ ಕಲ್ಲೂ ಬೇಡ, ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

ಪ್ರಶ್ನೆ: ನಿಶ್ಚಿತಾರ್ಥದ ಹಿಂದಿನ ವಾರ ನೆಟ್ರೆ ಆಗ್ಲಿಕ್ಕಿಲ್ವಾ?

ಉತ್ತರ: ಆಗ್ತದೆ, ಆದ್ರೆ ಅಂಟಿಸಿಟ್ಟ ಹಾಗೆ ಕಾಣ್ತದೆ. ಈ ಮಳೆಯಲ್ಲೇ ನೆಟ್ಟುಬಿಡಿ, ನವೆಂಬರ್ ಒಳಗೆ ಪಾಚಿ ಕಲ್ಲನ್ನು ಹಿಡ್ಕೊಂಡಿರ್ತದೆ. ಮಳೆ ನಿಂತಮೇಲೆ ಬೆಳಿಗ್ಗೆ ಸಂಜೆ ಸ್ಪ್ರೇ ಮಾಡಿ, ಜಗಲಿಯಲ್ಲಿ ಎರಡು ದಿನ ಇಟ್ಟು ಮತ್ತೆ ಮರವನ್ನೂ ಇದನ್ನೂ ಹೊರಗೆ ಹಾಕಿ. ಜರಿ ಕಾಡಿಂದ ಕಿತ್ತು ತರ್ಬೇಡಿ, ನಿಮ್ಮ ಬಾವಿಕಟ್ಟೆಯ ಒಳಬದಿ ಒಮ್ಮೆ ಬಗ್ಗಿ ನೋಡಿ, ಬೇಕಾದಷ್ಟು ಇರ್ತದೆ.