ಬಯೋಚಾರ್ ಹಾಕಿದರೆ ಈ ವರ್ಷವೇ ಯೂರಿಯಾ ಅರ್ಧಕ್ಕೆ ಇಳಿಸಬಹುದೇ?

ಮೆಕ್ಕೆಜೋಳಕ್ಕೆ ಎಕರೆಗೆ ಒಂದು ಟನ್ ಬಯೋಚಾರ್ (ಬೆಳೆಯ ಕಸ ಅರೆಗಾಳಿಯಲ್ಲಿ ಸುಟ್ಟು ಮಾಡಿದ ಇದ್ದಿಲು) ಕೊಟ್ಟು ಈ ಹಂಗಾಮಿಗೇ ಯೂರಿಯಾ ಅರ್ಧ ಮಾಡಲೇ ಅಂತ ಕೇಳಿದ್ದೀರಿ. ಬೇಡ. ನಾನು ಮಾಡಿದ್ದು ಅದನ್ನೇ.

ನಮ್ಮದು ರಾಣೆಬೆನ್ನೂರು ಕಡೆಯ ಮಸಾರಿ (ಕೆಂಪು ಮಣ್ಣಿನ) ಹೊಲ. ಒಕ್ಕಣೆ ಮುಗಿದು ಉಳಿದ ಬೆಂಡನ್ನು ಗುಂಡಿಯಲ್ಲಿ ಪದರ ಪದರವಾಗಿ ಸುಟ್ಟೆ, ಬೂದಿಯಾಗುವ ಮೊದಲೇ ನೀರು ಹೊಯ್ದು ಆರಿಸಿದೆ. ವಾರದೊಳಗೆ ಹರಡಿ ಬಿತ್ತಿಯೂ ಆಯಿತು. ಮೂರು ಚೀಲ ಬೀಳುತ್ತಿದ್ದ ಯೂರಿಯಾವನ್ನು ಒಂದೂವರೆಗೆ ಇಳಿಸಿದೆ. ಇಪ್ಪತ್ತೈದನೇ ದಿನದ ಹೊತ್ತಿಗೆ ಕೆಳಗಿನ ಎಲೆಗಳು ತುದಿಯಿಂದ ನಡುನರದ ಗುಂಟ ಹಳದಿಯಾಗತೊಡಗಿದವು. ರೋಗ ಅಂದುಕೊಂಡು ಔಷಧಿ ಹೊಡೆದೆ, ಹತ್ತು ದಿನ ಕೈತಪ್ಪಿತು. ತೆನೆಯ ತುದಿತನಕ ಕಾಳು ಕಟ್ಟಲೇ ಇಲ್ಲ.

ರೋಗವಲ್ಲ, ಸಾರಜನಕದ ಹಸಿವು. ಹೊಸ ಇದ್ದಿಲಿನ ರಂಧ್ರಗಳೆಲ್ಲ ಖಾಲಿ. ಯೂರಿಯಾ ಕರಗಿ ಬಂದ ಅಮೋನಿಯಂ, ಅಂದರೆ ಬೆಳೆ ಉಣ್ಣುವ ಸಾರಜನಕದ ಒಂದು ರೂಪ, ಮೊದಲು ಅದಕ್ಕೇ ಅಂಟಿಕೊಳ್ಳುತ್ತದೆ. ಅರೆಬೆಂದ ತುಂಡುಗಳಿದ್ದರೆ ಇನ್ನೂ ಕಷ್ಟ: ಅದನ್ನು ತಿನ್ನಲು ಬರುವ ಸೂಕ್ಷ್ಮಜೀವಿಗಳು ತಮ್ಮ ಮೈಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ. ಬೆಳೆಗೆ ಉಳಿದದ್ದೇ ಸ್ವಲ್ಪ, ಅದರಲ್ಲೂ ಅರ್ಧ ನಾನೇ ಕಡಿದಿದ್ದೆ. ಇದ್ದಿಲು ಗೊಬ್ಬರವಲ್ಲ, ಗೊಬ್ಬರ ಇಡುವ ಕಣಜ. ಖಾಲಿ ಕಣಜ ಹೊಲಕ್ಕೆ ಇಳಿಸಿ ಉಣ್ಣು ಅಂದರೆ ಬೆಳೆ ಏನು ಉಣ್ಣಬೇಕು?

ಈಗ ಇದ್ದಿಲನ್ನು ಪುಡಿಮಾಡಿ, ಗಂಜಲದಲ್ಲಿ ನೆನೆಸಿ, ತಿಪ್ಪೆಯಲ್ಲಿ ಎರಡು ತಿಂಗಳಾದರೂ ಕೊಳೆಸಿಯೇ ಹೊಲಕ್ಕೆ ಒಯ್ಯುತ್ತೇನೆ.

ಆದರೆ ನಿಮ್ಮ ಲೆಕ್ಕವೇ ನನಗೆ ಒಪ್ಪಿಗೆಯಿಲ್ಲ. ಇಷ್ಟು ಇದ್ದಿಲಿಗೆ ಇಷ್ಟು ಯೂರಿಯಾ ಉಳಿತಾಯ ಅನ್ನುವ ತಕ್ಕಡಿ ಇಲ್ಲ. 45 ಕೆಜಿ ಚೀಲದಲ್ಲಿ ಸಾರಜನಕ ಇರುವುದೇ 20 ಕೆಜಿ ಚಿಲ್ಲರೆ. ಹಸಿ ನೆಲದ ಮೇಲೆ ಎರಚಿ ಬಿಟ್ಟರೆ ಅದರಲ್ಲೂ ಒಂದು ಪಾಲು ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಮಣ್ಣಿನಲ್ಲಿ ನೈಟ್ರೇಟ್ ಆಗಿ ಬದಲಾದ ಸಾರಜನಕ ಜೋರು ಮಳೆಗೆ ಬೇರಿನ ಕೆಳಗೆ ಇಳಿಯುತ್ತದೆ, ಇದ್ದಿಲು ಅದನ್ನು ಹೆಚ್ಚೇನೂ ಹಿಡಿಯುವುದಿಲ್ಲ. ನಾನು ಮೊದಲೆಲ್ಲ ಮೇಲುಗೊಬ್ಬರ ಒಂದೇ ಸಲ ಎರಚುತ್ತಿದ್ದೆ. ಈಗ ಅದನ್ನು ಎರಡು ಕಂತು ಮಾಡಿ, ಸಾಲಿನ ಪಕ್ಕ ಹಾಕಿ, ಎಡೆಕುಂಟೆ ಹೊಡೆದು ಮಣ್ಣು ಮುಚ್ಚುತ್ತೇನೆ. ಯೂರಿಯಾ ಮೂರರಿಂದ ಎರಡು ಚೀಲಕ್ಕೆ ಇಳಿದದ್ದು ಇದರಿಂದ. ಇದ್ದಿಲು ಹಾಕದ ಪಕ್ಕದ ಹೊಲದಲ್ಲೂ ಎರಡೇ ಚೀಲ, ಇಳುವರಿ ಕುಗ್ಗಿಲ್ಲ.

ನಿಮ್ಮದು ಎರೆ (ಕಪ್ಪು ಮಣ್ಣಿನ) ಭೂಮಿಯಾದರೆ ಮೊದಲು ರಸಸಾರ (pH) ನೋಡಿಸಿ. ಅಲ್ಲಿ ಮಣ್ಣು ಮೊದಲೇ ಕ್ಷಾರ, ಇದ್ದಿಲೂ ಕ್ಷಾರವೇ, ಅಮೋನಿಯಾ ಇನ್ನೂ ಬೇಗ ಹಾರುತ್ತದೆ. ಮಸಾರಿಯೇ ಆದರೆ ಈ ಸಲ ನಾಲ್ಕು ಗುಂಟೆಗೆ ಮಾತ್ರ ಹಾಕಿ, ಯೂರಿಯಾ ಅಲ್ಲಿ ಕಡಿಮೆ ಮಾಡಬೇಡಿ.